ಕಾರಿನೊಳಗೊಂದು ಪುಟ್ಟ ಕೆರೆ

ಕಾರಿನ ಬಾಗಿಲು ತೆಗೆದ ಕೂಡಲೇ ಮಳೆಗಾಲದಲ್ಲಿ ಒಣಗದ ಕಂಬಳಿಯ ವಾಸನೆ ಬರುತ್ತಾ? ಬೆಳಿಗ್ಗೆ ನೋಡಿದರೆ ಗಾಜಿನ ಒಳಮೈಗೇ ಮಂಜು ಹಿಡಿದಿರುತ್ತಾ? ಹಾಗಿದ್ದರೆ ಇದನ್ನ ಸ್ವಲ್ಪ ಸಮಾಧಾನದಿಂದ ಓದಿ. ಇಲ್ಲ ಅನ್ನೋರೂ ಓದಿಟ್ಟುಕೊಳ್ಳಿ, ಮುಂದಿನ ಮಳೆಗಾಲಕ್ಕೆ ಬೇಕಾಗಬಹುದು. ಕಾರೇ ಇಲ್ಲದವರು ಪುಣ್ಯವಂತರು, ಕಾಫಿ ಕುಡೀತಾ ಓದಿ ನಗಬಹುದು :-)

ನನ್ನದು 2015ರ ಮಾಡೆಲ್ಲಿನ ಪುಟ್ಟ ಹ್ಯಾಚ್‌ಬ್ಯಾಕು. 2023ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಮನೆ ಮುಂದಿನ ಗುಲ್‌ಮೊಹರ್ ಮರದ ಕೆಳಗೇ ಅದರ ವಾಸ. 2024ರ ಜುಲೈನಲ್ಲಿ ಅಮ್ಮ ಊರಿಂದ ಬಂದಿದ್ದಳು, ಉಬ್ಬಸಕ್ಕೆ ತೋರಿಸಿಕೊಳ್ಳೋಕೆ ಅಂತ. ನಮ್ಮೂರು ತೀರ್ಥಹಳ್ಳಿ ಹತ್ತಿರ. ಡಾಕ್ಟರು ಇನ್‌ಹೇಲರ್ ಬರೆದುಕೊಟ್ಟು, "ಧೂಳು, ತೇವ, ಬೂಷ್ಟು ಇರೋ ಕಡೆ ಇರಬೇಡಿ" ಅಂದರು. (ಮಲೆನಾಡಿನವರಿಗೆ ಮಳೆಗಾಲದಲ್ಲಿ ತೇವ ಇಲ್ಲದ ಕಡೆ ಇರಿ ಅಂದರೆ ಎಲ್ಲಿಗೆ ಹೋಗೋದು, ರಾಜಸ್ಥಾನಕ್ಕಾ?) ಆಸ್ಪತ್ರೆಯಿಂದ ಮನೆಗೆ ಬರುವಾಗ ಮುಂದಿನ ಸೀಟಲ್ಲಿ ಕೂತಿದ್ದ ಅಮ್ಮ ದಾರಿಯುದ್ದಕ್ಕೂ ಕೆಮ್ಮುತ್ತಾ ಬಂದಳು. ಆಮೇಲೆ ಮೆಲ್ಲಗೆ, "ಅಪ್ಪೀ, ಎಂತ ವಾಸನೆ ಮಾರಾಯ ಇದು? ಕಾಲಡಿ ಎಲ್ಲ ತಣ್ಣಗಾಗ್ತಿದೆ" ಅಂದಳು.

ಮ್ಯಾಟ್ ಎತ್ತಿದರೆ ಕೆಳಗಿನ ಕಾರ್ಪೆಟ್ಟು ಕಪ್ಪಗೆ ಒದ್ದೆ. ಹೆಬ್ಬೆರಳಿಂದ ಒತ್ತಿದೆ. ಹಾಲಲ್ಲಿ ಅದ್ದಿದ ಬನ್ನು ಒತ್ತಿದ ಹಾಗೆ ನೀರು ಮೇಲಕ್ಕೆ ಬಂತು.

ನಾಗರಪಂಚಮಿಗೆ ಅಮ್ಮ ಊರಲ್ಲಿರಲೇಬೇಕು. ಎಸಿ ಬಸ್ಸಿನ ಥಂಡಿ ಅವಳಿಗೆ ಆಗಲ್ಲ, ಕಿಟಕಿ ತೆಗೆದ ಬಸ್ಸಿನ ಧೂಳೂ ಆಗಲ್ಲ. ಕಾರೇ ಗತಿ. ಮುನ್ನೂರು ಕಿಲೋಮೀಟರಿಗಿಂತ ಜಾಸ್ತಿ ದಾರಿ, ಏಳೆಂಟು ಗಂಟೆ ಗಾಜು ಮುಚ್ಚಿಕೊಂಡು ಆ ಬೂಷ್ಟಿನ ಗಾಳಿ ಕುಡಿಯಬೇಕು ಅಂದರೆ? ಅದೂ ಶಿವಮೊಗ್ಗ ದಾಟಿದ ಮೇಲೆ ಸುರಿಯೋ ಜುಲೈ ಮಳೆ ನಿಮಗೆ ಗೊತ್ತೇ ಇದೆ. ನನ್ನ ಹತ್ತಿರ ಇದ್ದಿದ್ದು ಎರಡೂವರೆ ವಾರ.

ಮೊದಲು ಹೋಗಿದ್ದು ಒಂದು ದೊಡ್ಡ ಸರ್ವೀಸ್ ಸೆಂಟರಿಗೆ. ಅವರು ಬಾಗಿಲು ತೆಗೆದು ಮೂಸಿ ನೋಡಿ, "ವಿಂಡ್‌ಶೀಲ್ಡ್ ಬಿಚ್ಚಿ ಹೊಸ ಸೀಲೆಂಟ್ ಹಾಕ್ಬೇಕು ಸಾರ್, ಕಾರ್ಪೆಟ್ ಸೆಟ್ ಚೇಂಜ್ ಮಾಡ್ಬೇಕು" ಅಂತ ಇಪ್ಪತ್ತೆಂಟು ಸಾವಿರದ ಎಸ್ಟಿಮೇಟ್ ಕೊಟ್ಟರು. ನೀರು ಎಲ್ಲಿಂದ ಬರ್ತಿದೆ ಅಂತ ಹೇಗೆ ಗೊತ್ತಾಯ್ತು ಅಂದೆ. "ಜನರಲ್ಲಿ ಅಲ್ಲಿಂದಾನೇ ಬರೋದು ಸಾರ್." ಈ 'ಜನರಲ್ಲಿ' ಅನ್ನೋ ಪದ ಕೇಳಿದ್ರೆ ನನಗೆ ಮೈ ಉರಿಯುತ್ತೆ. ನಮ್ಮ ಆಫೀಸಲ್ಲೂ ಲಾಗ್ ನೋಡದೆ "ಜನರಲ್ಲಿ ಡೇಟಾಬೇಸ್ ಪ್ರಾಬ್ಲಮ್ಮು" ಅನ್ನೋರು ಇದ್ದಾರೆ.

ನಮ್ಮ ರಸ್ತೆ ತುದಿಯ ಗ್ಯಾರೇಜಿನ ಭಾಯ್ ಇನ್ನೊಂದು ಬಾಂಬ್ ಹಾಕಿದರು. "ಫ್ಲಡ್ ಕಾರು ಇರ್ಬೇಕು ಸಾರ್ ಇದು." 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡ್ ಕಡೆ ನೀರು ನುಗ್ಗಿ ಎಷ್ಟೊಂದು ಕಾರುಗಳು ಮುಳುಗಿದ್ದವಲ್ಲ, ನಾನು ಕಾರು ತೆಗೆದುಕೊಂಡಿದ್ದು ಅದರ ಮುಂದಿನ ವರ್ಷ. ಎದೆ ಧಸಕ್ಕೆಂದಿತು. ಆದರೆ ಅದನ್ನ ಪರೀಕ್ಷೆ ಮಾಡೋದು ಸುಲಭ. ಸೀಟ್ ಬೆಲ್ಟನ್ನ ಕೊನೇವರೆಗೂ ಎಳೆಯಬೇಕು. ನೀರಲ್ಲಿ ಮುಳುಗಿದ ಕಾರಿದ್ದರೆ ಒಳಗೆ ಸುತ್ತಿಕೊಂಡಿರೋ ಭಾಗದಲ್ಲಿ ಕೆಸರಿನ ಕಲೆ ಉಳಿದಿರುತ್ತೆ, ಮಾರೋರು ಅಲ್ಲಿವರೆಗೂ ತೊಳೆಯೋದು ಕಷ್ಟ. ಸೀಟಿನ ಕೆಳಗಿನ ಬೋಲ್ಟುಗಳು ತುಕ್ಕು ಹಿಡಿದಿರುತ್ತವೆ, ಸ್ಟೆಪ್ನಿ ಇಡೋ ಗುಂಡಿಯಲ್ಲಿ, ಕಾರ್ಪೆಟ್ಟಿನ ಅಡಿಯ ಮೂಲೆಗಳಲ್ಲಿ ನುಣ್ಣನೆ ಮಣ್ಣು ಕೂತಿರುತ್ತೆ. ನಾಲ್ಕೂ ಬೆಲ್ಟ್ ಎಳೆದು ನೋಡಿದೆ, ಹೊಸದರ ಹಾಗಿದ್ದವು. ಬೋಲ್ಟುಗಳೂ ಚೆನ್ನಾಗಿದ್ದವು. ಭಾಯ್‌ಗೂ ತೋರಿಸಿದೆ, ಒಪ್ಪಿಕೊಂಡರು. ಸೆಕೆಂಡ್ ಹ್ಯಾಂಡ್ ಕಾರು ನೋಡ್ತಿರೋರು ಇದಿಷ್ಟನ್ನಂತೂ ನೆನಪಿಟ್ಟುಕೊಳ್ಳಿ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಅಪ್ಪನಿಗೆ ಕಾರಿನ ಬಗ್ಗೆ ಗೊತ್ತಿರೋದು ಅಷ್ಟರಲ್ಲೇ ಇದೆ. ಆದರೆ ಸೋರೋದರ ಬಗ್ಗೆ ನಲವತ್ತು ವರ್ಷದ ಅನುಭವ. "ಹನಿ ಬಿದ್ದಲ್ಲೇ ಹೆಂಚು ಒಡೆದಿರೋದಿಲ್ಲ ಮಾರಾಯ. ನೀರು ಎಲ್ಲೋ ಮೇಲೆ ಒಳಗೆ ಬರ್ತದೆ, ಪಕಾಸಿನ ಗುಂಟ ಇಳಿದು ಬರ್ತದೆ, ಗಂಟು ಸಿಕ್ಕಿದಲ್ಲಿ ತೊಟ್ಟಿಕ್ಕತದೆ. ನೀನು ಹನಿ ನೋಡ್ಬೇಡ, ಹಾದಿ ನೋಡು" ಅಂದರು. ಇಂಜಿನಿಯರಿಂಗ್ ನಾಲ್ಕು ವರ್ಷದಲ್ಲಿ ಯಾವ ಲೆಕ್ಚರರೂ ಡೀಬಗ್ಗಿಂಗನ್ನ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ.

ಕಾರಿನಲ್ಲೂ ಹಾಗೇನೇ. ನೆಲದ ತಗ್ಗಿನಲ್ಲಿ ನೀರು ನಿಂತಿದೆ ಅಂದರೆ ಅದು ತಗ್ಗು ಅಂತಷ್ಟೇ ಅರ್ಥ. ಡಿಕ್ಕಿಯ ಹಿಂದಿನ ಲೈಟಿನ ವಾಷರ್ ಹೋಗಿ ಬಂದ ನೀರು, ಬ್ರೇಕ್ ಹಾಕಿದಾಗೆಲ್ಲ ಮುಂದಕ್ಕೆ ಹರಿದು ಹಿಂದಿನ ಸೀಟಿನ ಕೆಳಗೆ ಸಿಗಬಹುದು. ಸನ್‌ರೂಫಿನ ನೀರು ಗಾಜಿನ ಪಕ್ಕದ ಕಂಬದೊಳಗೆ ಇಳಿದು ಕಾಲಡಿಗೆ ಬರಬಹುದು. (ಸನ್‌ರೂಫ್ ಇರೋರಿಗೆ ಒಂದು ಮಾತು: ಅದರ ಮೂಲೆಗಳಲ್ಲಿ ನೀರು ಹೋಗೋಕೆ ಸಣ್ಣ ಪೈಪುಗಳಿರುತ್ತವೆ. ಕಟ್ಟಿಕೊಂಡಿವೆ ಅಂತ ಪಂಕ್ಚರ್ ಅಂಗಡಿಯ ಗಾಳಿ ಜೋರಾಗಿ ಬಿಡಿಸಬೇಡಿ, ಪೈಪು ಒಳಗೇ ಕಳಚಿಕೊಂಡರೆ ದೇವರೇ ಗತಿ.) ನನ್ನ ಕಾರಿಗೆ ಸನ್‌ರೂಫ್ ಇಲ್ಲ, ಆ ಮಟ್ಟಿಗೆ ಬಡತನ ಒಳ್ಳೆಯದೇ.

ಮೊದಲ ಪ್ರಶ್ನೆ, ಇದು ಯಾವ ನೀರು? ಬಿಳೀ ಟಿಶ್ಯೂ ಪೇಪರ್ ಒತ್ತಿ ನೋಡಿದೆ. ಡ್ಯಾಶ್‌ಬೋರ್ಡಿನ ಒಳಗೆ ಹೀಟರಿನ ಸಣ್ಣ ರೇಡಿಯೇಟರ್ ಇರುತ್ತೆ, ಅದು ತೂತಾದರೆ ಸೋರೋದು ಕೂಲೆಂಟು. ಅದಕ್ಕೆ ಬಣ್ಣ ಇರುತ್ತೆ, ಬೆರಳಿಗೆ ಜಿಡ್ಡುಜಿಡ್ಡು, ಸಿಹಿಸಿಹಿ ವಾಸನೆ. ನೆಕ್ಕಿ ನೋಡೋಕೆ ಹೋಗಬೇಡಿ, ಅದು ವಿಷ. ನನ್ನ ಟಿಶ್ಯೂ ಬರೀ ಒದ್ದೆ, ಬಣ್ಣವಿಲ್ಲ, ಜಿಡ್ಡಿಲ್ಲ. ಒಂದು ದೊಡ್ಡ ಖರ್ಚು ತಪ್ಪಿತು.

ಎರಡನೇ ಪ್ರಶ್ನೆ, ಯಾವಾಗ ಬರುತ್ತೆ? ಬೆಂಗಳೂರಿನ ಜುಲೈನಲ್ಲಿ ಮಳೆಯೂ ದಿನಾ ಇರುತ್ತೆ, ಗಾಜಿನ ಮಂಜು ತೆಗೆಯೋಕೆ ಎಸಿಯೂ ದಿನಾ ಓಡುತ್ತೆ. ಎರಡೂ ಒಟ್ಟೊಟ್ಟಿಗೆ ಇರುವಾಗ ಯಾವುದರ ಮೇಲೆ ಆರೋಪ ಹೊರಿಸೋದು? ಬೇರೆಬೇರೆ ಮಾಡಲೇಬೇಕು.

ಗೆಳೆಯನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಒಂದು ಖಾಲಿ ಪಾರ್ಕಿಂಗ್ ಇತ್ತು. ಕಾರನ್ನ ಅಲ್ಲಿಟ್ಟು, ಸ್ಪಂಜಿನಲ್ಲಿ ಎಷ್ಟು ಸಾಧ್ಯವೋ ಅಷ್ಟು ನೀರು ಹಿಂಡಿ ತೆಗೆದು, ಕಾರ್ಪೆಟ್ಟಿನ ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಎರಡು ನ್ಯೂಸ್ ಪೇಪರ್ ಇಟ್ಟೆ. ಒಂದು ಗೇರಿನ ಕಡೆಗೆ, ಒಂದು ಬಾಗಿಲ ಕಡೆಗೆ. ಇಡೀ ತನಿಖೆಯ ಮುಖ್ಯ ಸಾಕ್ಷಿಗಳು ಈ ಎರಡು ಪೇಪರುಗಳೇ. ಮಳೆಯಿಲ್ಲದ ಒಂದು ಸಂಜೆ ನೋಡಿ ಎಸಿ ಹಾಕಿಕೊಂಡು ಒಂದು ಗಂಟೆ ರಿಂಗ್ ರೋಡಿನಲ್ಲಿ ಸುತ್ತಿದೆ. (ಒಂದು ಗಂಟೆ, ಒಂಬತ್ತು ಕಿಲೋಮೀಟರ್. ಟ್ರಾಫಿಕ್ಕಿಗೂ ಒಂದು ಉಪಯೋಗ ಇದೆ ಅಂತ ಗೊತ್ತಾಗಿದ್ದು ಅವತ್ತೇ.) ವಾಪಸ್ ಬಂದು, ಇಂಜಿನ್ ಇನ್ನೂ ಓಡುತ್ತಿರುವಾಗಲೇ ಕಾರಿನ ಕೆಳಗೆ ಬಗ್ಗಿ ನೋಡಿದೆ. ನೆಲ ಒಣಗಿತ್ತು!

ನೆಲ ಒಣಗಿರೋದು ಇಲ್ಲಿ ಕೆಟ್ಟ ಸುದ್ದಿ. ಎಸಿ ಓಡುವಾಗ ಗಾಳಿಯಲ್ಲಿರೋ ತೇವ ಒಳಗಿನ ತಣ್ಣನೆ ಕಾಯಿಲ್ ಮೇಲೆ ನೀರಾಗಿ ಕೂರುತ್ತೆ. ಅದು ಒಂದು ರಬ್ಬರ್ ಪೈಪಿನ ಮೂಲಕ ಹೊರಗೆ ರಸ್ತೆಗೆ ತೊಟ್ಟಿಕ್ಕಬೇಕು. ತೇವದ ಸಂಜೆಯಲ್ಲಿ ಒಂದು ಗಂಟೆ ಎಸಿ ಓಡಿದ ಕಾರಿನ ಕೆಳಗೆ ಒಂದು ಹನಿಯೂ ಇಲ್ಲ ಅಂದರೆ ಆ ನೀರೆಲ್ಲ ಎಲ್ಲಿಗೆ ಹೋಯ್ತು? ನಮ್ಮ ದೇಶದ ಬಹುಪಾಲು ಕಾರುಗಳಲ್ಲಿ ಆ ಕಾಯಿಲ್ ಇರೋದು ಎಡಗಡೆ, ಗ್ಲೋವ್ ಬಾಕ್ಸಿನ ಹಿಂದೆ. ಪೈಪು ಕಟ್ಟಿಕೊಂಡರೆ ನೀರು ತುಂಬಿ ತುಳುಕಿ ಬೀಳೋದು ಎಡಗಡೆ ಕೂತವರ ಕಾಲಿನ ಮೇಲೆ. ಅಂದರೆ ಅಮ್ಮನ ಕಾಲಿನ ಮೇಲೆ.

ಗೇರಿನ ಕಡೆಯ ಪೇಪರ್ ನೆನೆದು ಮುದ್ದೆಯಾಗಿತ್ತು. ಮಾರನೇ ದಿನ ಭಾಯ್ ಹತ್ತಿರ ಕಾರನ್ನ ರ‍್ಯಾಂಪಿಗೆ ಹತ್ತಿಸಿ ಪೈಪು ಹುಡುಕಿದೆವು. ಒಳಗೆ ಒಂದು ಕಣಜ ಮಣ್ಣಿನ ಗೂಡು ಕಟ್ಟಿಕೊಂಡು ಸಂಸಾರ ಹೂಡಿತ್ತು! ನಮ್ಮನೆ ಕಿಟಕಿ ಚೌಕಟ್ಟಿನಲ್ಲಿ, ಗೋಡೆಯ ಪ್ಲಗ್ಗಿನ ತೂತಲ್ಲಿ ಕಟ್ಟುತ್ತಲ್ಲ, ಅದೇ ಜಾತಿ. ಭಾಯ್ ಸ್ಕ್ರೂಡ್ರೈವರ್ ಎತ್ತಿಕೊಂಡರು, ನಾನು ಬೇಡ ಅಂದೆ. ಗಟ್ಟಿ ಕಬ್ಬಿಣ ಒಳಗೆ ಹೋಗಿ ಕಾಯಿಲ್‌ಗೆ ತಾಗಿದರೆ ಗ್ಯಾಸ್ ಖಾಲಿ, ಹತ್ತಾರು ಸಾವಿರ ಖರ್ಚು. ಪೈಪನ್ನೇ ಕಳಚಿ, ಬಾಯಿಯ ಹತ್ತಿರ ಇದ್ದ ಮಣ್ಣನ್ನ ಪ್ಲಾಸ್ಟಿಕ್ ಕೇಬಲ್ ಟೈನಿಂದ ಮೆಲ್ಲಗೆ ಕೆದಕಿದೆವು. ಬುಳಕ್ ಅಂತ ಒಂದು ಚೊಂಬಿನಷ್ಟು ಕೊಳೆನೀರು ಭಾಯ್ ತೋಳಿನ ಮೇಲೆ ಸುರಿಯಿತು. ಅವರು ಹಿಂದಿಯಲ್ಲಿ ಹೇಳಿದ್ದನ್ನ ಇಲ್ಲಿ ಬರೆಯೋ ಹಾಗಿಲ್ಲ.

"ಮುಗೀತು ಸಾರ್, ತಗೊಂಡ್ ಹೋಗಿ" ಅಂದರು.

ಮುಗಿದಿರಲಿಲ್ಲ. ಎಸಿ ಪರೀಕ್ಷೆಯಲ್ಲಿ ಗೇರಿನ ಕಡೆಯ ಪೇಪರ್ ಮಾತ್ರ ಒದ್ದೆಯಾಗಿತ್ತು, ಬಾಗಿಲ ಕಡೆಯದು ಗರಿಗರಿಯಾಗೇ ಇತ್ತು. ಆದರೆ ನಾನು ಮೊದಲ ದಿನ ನೋಡಿದಾಗ ಬಾಗಿಲ ಕಡೆಯ ಮೂಲೆಯೂ ನೆನೆದಿತ್ತು. ಆ ನೀರಿಗೆ ಇನ್ನೊಂದು ಲೆಕ್ಕ ಕೊಡಬೇಕಲ್ಲ? ಸಾಫ್ಟ್‌ವೇರಿನಲ್ಲೂ ಇದೇ ಗೋಳು, ಒಂದು ಬಗ್ ಸಿಕ್ಕ ಖುಷಿಯಲ್ಲಿ ಟಿಕೆಟ್ ಕ್ಲೋಸ್ ಮಾಡಿಬಿಡ್ತಾರೆ, ಅದರ ಹಿಂದೆ ಇನ್ನೊಂದು ಬಚ್ಚಿಟ್ಟುಕೊಂಡಿರುತ್ತೆ.

ಭಾನುವಾರ ಬೆಳಿಗ್ಗೆ ಮಳೆ ಪರೀಕ್ಷೆ. ಎಸಿ ಬಂದ್. ಕಾಲಿಡೋ ಜಾಗದ ಲೋಹದ ಗೋಡೆ, ಅಲ್ಲಿ ಇಳಿದು ಬರೋ ವೈರುಗಳು ಎಲ್ಲವನ್ನೂ ಬಟ್ಟೆಯಲ್ಲಿ ಒಣಗಿಸಿ, ಮೇಲೆ ಮುಖಕ್ಕೆ ಹಚ್ಚೋ ಪೌಡರ್ ಸವರಿದೆ. ನೀರು ಹರಿದರೆ ಬಿಳಿ ಪೌಡರಿನಲ್ಲಿ ಗೆರೆ ಮೂಡುತ್ತೆ. ಅಪ್ಪ ಹೇಳಿದ 'ಹಾದಿ' ಅದೇ. ಕೆಳಗಿನ ಮನೆಯ ಹತ್ತನೇ ಕ್ಲಾಸಿನ ಹುಡುಗನಿಗೆ ಟಾರ್ಚ್ ಕೊಟ್ಟು ಒಳಗೆ ಮಲಗಿಸಿದೆ. ನಾನು ಹೊರಗೆ ಬಕೆಟ್ಟು, ಮಗ್ಗು.

ನೀರು ಹಾಕೋದರಲ್ಲಿ ಒಂದು ಕ್ರಮ ಇದೆ. ಕೆಳಗಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೊದಲೇ ಚಾವಣಿ ಮೇಲೆ ಸುರಿದರೆ ಕೆಳಗಿನದೆಲ್ಲ ಒಟ್ಟಿಗೆ ನೆನೆದು, ಯಾವ ಸಂದಿಯಿಂದ ಬಂತು ಅಂತ ತಿಳಿಯೋದೇ ಇಲ್ಲ. ಸರ್ವೀಸಿನವರ ಪ್ರೆಶರ್ ಗನ್ನೂ ಬೇಡ, ಅದು ಮಳೆ ನುಗ್ಗದ ಕಡೆಗೂ ನೀರು ನುಗ್ಗಿಸಿ ದಾರಿ ತಪ್ಪಿಸುತ್ತೆ. ಮಳೆ ಹೇಗೆ ಬೀಳುತ್ತೋ ಹಾಗೇ, ಒಂದೊಂದು ಕಡೆ ಐದೈದು ನಿಮಿಷ.

ಮೊದಲು ಬಾಗಿಲಿನ ಕೆಳಭಾಗ. ಏನಿಲ್ಲ. ಆಮೇಲೆ ಬಾಗಿಲಿನ ಗಾಜು. ಬಾಗಿಲಿನ ವಿಷಯ ನನಗೂ ಆಶ್ಚರ್ಯವೇ ಆಗಿತ್ತು ನೋಡಿ, ಗಾಜಿನ ಸಂದಿಯಿಂದ ಮಳೆನೀರು ಬಾಗಿಲಿನ ಹೊಟ್ಟೆಯೊಳಗೆ ಹೋಗೋದು ಮಾಮೂಲಿ ವ್ಯವಸ್ಥೆಯಂತೆ. ಕೆಳಗಿನ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತೆ. ಒಳಗಡೆಯ ಪ್ಯಾನೆಲ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರ್ತಾರೆ, ಸ್ಪೀಕರ್ ಹಾಕೋರು ಅದನ್ನ ಹರಿದು ಬಿಟ್ಟರೆ ನೀರು ನೇರ ಒಳಗೆ. ನನ್ನದರಲ್ಲಿ ತೂತುಗಳಿಂದ ನೀರು ಚೆನ್ನಾಗಿ ಹೊರಗೆ ಬಂತು, ಒಳಗೆ ಬರಲಿಲ್ಲ. ರಬ್ಬರ್ ಬೀಡಿಂಗ್ ಸರಿ ಇತ್ತು. ವಿಂಡ್‌ಶೀಲ್ಡ್ ಅಂಚಿಗೂ ಹಾಕಿದೆ, ಅಲ್ಲೂ ಏನಿಲ್ಲ. ಇಪ್ಪತ್ತೆಂಟು ಸಾವಿರ ಅಲ್ಲಿಗೆ ಉಳೀತು.

ಕೊನೆಗೆ ವೈಪರ್ ಕೆಳಗಿನ ಕಪ್ಪು ಪ್ಲಾಸ್ಟಿಕ್ ಜಾಲರಿ. ಗಾಜಿನ ಮೇಲೆ ಬಿದ್ದ ಮಳೆಯೆಲ್ಲ ಅದರೊಳಗೆ ಇಳಿದು, ಪಕ್ಕದಲ್ಲಿ ಮುಂದಿನ ಚಕ್ರದ ಹಿಂದೆ ಹೊರಗೆ ಬರಬೇಕು. ನಮ್ಮೂರ ಮನೆಗೆ ಅಡಿಕೆ ಮರದ ದಂಬೆ ಕಟ್ಟಿರ್ತಾರಲ್ಲ, ಥೇಟ್ ಅದೇ. ಒಂದು ಮಗ್ಗು ಹಾಕಿದೆ, ಎರಡು, ಮೂರು. ಚಕ್ರದ ಹತ್ತಿರ ಒಂದು ಹನಿ ಬರಲಿಲ್ಲ. ಐದನೇ ಮಗ್ಗಿಗೆ ಒಳಗಿಂದ ಕೂಗು: "ಬಂತು ಅಂಕಲ್, ಬಂತು ಬಂತು!"

ಇಪ್ಪತ್ತೆಂಟು ವರ್ಷಕ್ಕೆ ಅಂಕಲ್ ಅನ್ನಿಸಿಕೊಂಡ ದುಃಖ ಆಮೇಲೆ ನೋಡಿಕೊಳ್ಳೋಣ ಅಂತ ಒಳಗೆ ತಲೆ ಹಾಕಿದೆ. ಪೌಡರಿನಲ್ಲಿ ಸಣ್ಣ ಹಾವಿನಂಥ ಗೆರೆ. ಒಂದು ದಪ್ಪ ಕೆಂಪು ವೈರಿನ ಮೇಲೆ ನೀರು ಸಾಲಾಗಿ ಇಳಿದು, ಅದು ಬಾಗಿದ ಜಾಗದಲ್ಲಿ ಬಾಗಿಲ ಕಡೆಯ ಮೂಲೆಗೆ ತೊಟ್ಟಿಕ್ಕುತ್ತಿತ್ತು.

ಆ ವೈರು ಎಲ್ಲಿಂದ ಬಂತು? ಬಾನೆಟ್ ತೆಗೆದು ಹಿಂಬಾಲಿಸಿದೆ. ಬ್ಯಾಟರಿಯಿಂದ ಶುರುವಾಗಿ, ಇಂಜಿನ್ನಿಗೂ ನಾವು ಕೂರೋ ಜಾಗಕ್ಕೂ ನಡುವಿನ ಲೋಹದ ಗೋಡೆ ತೂರಿ ಒಳಗೆ ಬಂದು, ಸೀಟಿನ ಕೆಳಗೆ ಟೇಪ್ ಸುತ್ತಿಸಿಕೊಂಡು ಅಲ್ಲೇ ಮುಗಿದಿತ್ತು! ಹಿಂದಿನ ಓನರ್ ಯಾವತ್ತೋ ಹಾಕಿಸಿದ್ದ ಆಂಪ್ಲಿಫೈಯರಿನ ವೈರು. ಆಂಪ್ಲಿಫೈಯರ್ ಬಿಚ್ಚಿಕೊಂಡು ಹೋಗಿದ್ದಾರೆ, ವೈರ್ ಬಿಟ್ಟಿದ್ದಾರೆ. ಅದನ್ನ ತೂರಿಸೋಕೆ ಅಂತ ಕಂಪನಿಯ ರಬ್ಬರ್ ಗ್ರೋಮೆಟ್ಟನ್ನ ಬ್ಲೇಡಿನಲ್ಲಿ ಸೀಳಿದ್ದರು. ಆ ಲೋಹದ ಗೋಡೆಗೆ ಇಂಗ್ಲಿಷಿನಲ್ಲಿ ಏನಂತಾರೆ ಗೊತ್ತಾ? ಫೈರ್‌ವಾಲ್! ದಿನಾ ಆಫೀಸಲ್ಲಿ ಫೈರ್‌ವಾಲ್ ಪೋರ್ಟ್ ಓಪನ್ ಮಾಡಿಸೋಕೆ ನೆಟ್‌ವರ್ಕ್ ಟೀಮಿಗೆ ಮೂರು ಮೇಲ್ ಹಾಕೋ ನನ್ನ ಸ್ವಂತ ಫೈರ್‌ವಾಲ್ ಇಷ್ಟು ದಿನ ಬಾಯಿ ತೆರೆದುಕೊಂಡು ಕೂತಿತ್ತು :-)

ಆದರೆ ಸೀಳಿದ ಗ್ರೋಮೆಟ್ ಒಂದೇ ಇದ್ದಿದ್ದರೆ ನೀರು ಅಷ್ಟು ಎತ್ತರಕ್ಕೆ ಬರ್ತಿರಲಿಲ್ಲ. ವೈಪರ್ ತೋಳುಗಳನ್ನ ಬಿಚ್ಚಿ (ಬಿಚ್ಚೋ ಮುಂಚೆ ಅವು ಕೂರೋ ಜಾಗಕ್ಕೆ ಗಾಜಿನ ಮೇಲೊಂದು ಟೇಪ್ ಅಂಟಿಸಿಕೊಳ್ಳಿ, ಇಲ್ಲದಿದ್ದರೆ ವಾಪಸ್ ಸೊಟ್ಟ ಕೂರುತ್ತವೆ) ಜಾಲರಿ ಎತ್ತಿದರೆ ಒಳಗೆ ಗೊಬ್ಬರದ ಗುಂಡಿ. ಗುಲ್‌ಮೊಹರಿನ ಎಲೆ ಎಷ್ಟು ಸಣ್ಣದು ಅಂದರೆ ಯಾವ ಜಾಲರಿಯೂ ಅದನ್ನ ತಡೆಯಲ್ಲ. ವರ್ಷಗಟ್ಟಲೆ ಉದುರಿ ಕೊಳೆತು ಕಪ್ಪು ಮಣ್ಣಾಗಿ ನೀರು ಹೋಗೋ ಬಾಯಿ ಮುಚ್ಚಿತ್ತು. ಮಣ್ಣಲ್ಲಿ ಎರಡೆಲೆಯ ಒಂದು ಅರಳಿ ಸಸಿ ಬೇರೆ! ಮೂರು ಹಿಡಿ ಗೊಬ್ಬರ ತೆಗೆದೆ. ಆಮೇಲೆ ಮಗ್ಗು ಸುರಿದರೆ ಚಕ್ರದ ಹಿಂದೆ ಧೋ ಅಂತ ನೀರು. ಹುಡುಗ ಚಪ್ಪಾಳೆ ತಟ್ಟಿದ.

ಸತ್ತ ವೈರು ಕಿತ್ತು ಹಾಕಿದೆ, ಬ್ಯಾಟರಿಯಿಂದ ಬಿಡಿಸಿಯೇ. ಹೊಸ ಗ್ರೋಮೆಟ್ಟಿಗೆ ನಲವತ್ತು ರೂಪಾಯಿ, ಸುತ್ತ ಹಚ್ಚೋಕೆ ಒಂದು ಟ್ಯೂಬ್ ಸೀಲೆಂಟು. ಅಲ್ಲೇ ಒಳಗೆ ಬರೋ ಹಾರ್ನಿನ ವೈರನ್ನ ತೂತಿಗಿಂತ ಕೆಳಗೆ ಒಂದು ಬಳುಕು ಬರೋ ಹಾಗೆ ಕಟ್ಟಿದೆ. ಕಂಬದಿಂದ ಮನೆಗೆ ಕರೆಂಟ್ ಎಳೆಯುವಾಗ ಲೈನ್‌ಮನ್ ವೈರನ್ನ ಜೋಲು ಬಿಟ್ಟು ಆಮೇಲೆ ಒಳಗೆ ತೂರಿಸ್ತಾನಲ್ಲ, ನೀರು ಆ ಜೋಲಿನ ತುದಿಯಲ್ಲೇ ಬಿದ್ದು ಹೋಗಲಿ ಅಂತ, ಅದೇ ಉಪಾಯ.

ಇನ್ನು ಒಣಗಿಸೋದು. ಸೋರೋದು ನಿಲ್ಲಿಸಿದ್ರೆ ಅರ್ಧ ಕೆಲಸ ಅಷ್ಟೇ. ಕಾರ್ಪೆಟ್ಟು ಮೇಲೆ ಒಣಗಿದ ಹಾಗೆ ಕಂಡರೂ ಅದರ ಕೆಳಗೆ ದಪ್ಪ ಸ್ಪಂಜಿನ ಪ್ಯಾಡ್ ಇರುತ್ತೆ, ನೀರೆಲ್ಲ ಕುಡಿದಿರೋದು ಅದು. ಬೂಷ್ಟು ಬೆಳೆಯೋದೂ ಅಲ್ಲೇ. ಸೀಟು ಬಿಚ್ಚಬೇಕು. ಇಲ್ಲಿ ಮಾತ್ರ ಹುಷಾರು ಮಾರಾಯ್ರೇ. ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಇದ್ದರೆ ಅದು ಏರ್‌ಬ್ಯಾಗಿಗೋ ಬೆಲ್ಟ್ ಎಳೆಯೋ ಸಾಧನಕ್ಕೋ ಸಂಬಂಧಪಟ್ಟದ್ದು. ಬ್ಯಾಟರಿಯ ನೆಗೆಟಿವ್ ತೆಗೆದು, ಹತ್ತು ಹದಿನೈದು ನಿಮಿಷ ಸುಮ್ಮನೆ ಕೂತು, ಆಮೇಲೇ ಅದನ್ನ ಮುಟ್ಟಿ. ಅದು ಬಿಚ್ಚಿರುವಾಗ ಕೀ ತಿರುಗಿಸಬೇಡಿ. ಧೈರ್ಯ ಇಲ್ಲದಿದ್ದರೆ ಗೊತ್ತಿರೋರ ಕೈಲೇ ಬಿಚ್ಚಿಸಿ, ಅದರಲ್ಲಿ ನಾಚಿಕೆಯೇನಿಲ್ಲ. ನಾನೂ ಭಾಯ್ ಪಕ್ಕದಲ್ಲಿದ್ದಾಗಲೇ ಮಾಡಿದ್ದು. ನೆಲದಲ್ಲಿ ವೈರಿಂಗ್ ಜೋಡಣೆಗಳೂ ಹಾದು ಹೋಗಿರುತ್ತವೆ, ಅವುಗಳಿಗೆ ಹಸಿರು ಕಿಲುಬು ಹಿಡಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪಾವಳಿ.

ಪ್ಯಾಡ್ ಹಿಂಡಿ ಬಕೆಟ್ಟಿಗೆ ಬಿಟ್ಟೆ. ಅಳೆದರೆ ನಾಲ್ಕು ಲೀಟರಿಗೆ ಸ್ವಲ್ಪ ಕಡಿಮೆ. ನಾಲ್ಕು ಲೀಟರ್! ಸೋಪಿನ ನೀರಲ್ಲಿ ತೊಳೆದು ಟೆರೇಸಿನಲ್ಲಿ ಒಣಹಾಕಿದೆ. ಬೆಂಗಳೂರಿನ ಜುಲೈ ಬಿಸಿಲು ಹೇಗಿರುತ್ತೆ ಗೊತ್ತಲ್ಲ, ಬಂದ ಹಾಗೆ ಮಾಡಿ ಹೋಗುತ್ತೆ. ಮಳೆ ಬಂದಾಗೆಲ್ಲ ಅಮ್ಮ "ಅಪ್ಪೀ, ಮಳೆ!" ಅಂತ ಕೂಗೋದು, ನಾನು ಕಾಲ್ ಮ್ಯೂಟ್ ಮಾಡಿ ಟೆರೇಸಿಗೆ ಓಡೋದು. ಊರಲ್ಲಿ ಅಂಗಳದ ಅಡಿಕೆ ಎತ್ತೋಕೆ ಓಡ್ತಿದ್ದ ಹಾಗೆ. ಅದು ಪೂರ್ತಿ ಒಣಗೋಕೆ ಆರು ದಿನ ಬೇಕಾಯ್ತು. ಅತ್ತ ಕಾರಿನೊಳಗೆ ಬೇಸ್‌ಮೆಂಟಿನಲ್ಲಿ ಹಗಲೂ ರಾತ್ರಿ ಟೇಬಲ್ ಫ್ಯಾನ್. ಗೆಳೆಯನಿಗೆ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಒಂದು ಮಸಾಲೆ ದೋಸೆ ಬಾಕಿ ಇದೆ. ಒಟ್ಟು ಖರ್ಚು, ಭಾಯ್ ಕೂಲಿ ಸೇರಿ, ಒಂಬೈನೂರ ಹತ್ತು ರೂಪಾಯಿ.

ಪಂಚಮಿಗೆ ಎರಡು ದಿನ ಮುಂಚೆ ಹೊರಟೆವು. ಹೊರಡೋ ಮುಂಚೆ ಅಮ್ಮನ ಕಾಲಡಿ, ಮ್ಯಾಟಿನ ಕೆಳಗೆ, ಮತ್ತೆ ಎರಡು ನ್ಯೂಸ್ ಪೇಪರ್ ಹಾಸಿದ್ದೆ. ಅರಳಿ ಸಸಿ ಮೊಸರಿನ ಡಬ್ಬಿಯಲ್ಲಿ ಹಿಂದಿನ ಸೀಟಲ್ಲಿ ಕೂತಿತ್ತು. ಅದನ್ನ ಎಸೆಯೋಕೆ ಅಮ್ಮ ಬಿಡಲಿಲ್ಲ. ಕಡೂರಿನವರೆಗೆ ಜಿನುಗು. ತರೀಕೆರೆ ಹತ್ತಿರ ಶುರುವಾಯ್ತು ನೋಡಿ, ವೈಪರ್ ಜೋರಿಗೆ ಹಾಕಿದರೂ ರಸ್ತೆ ಕಾಣದಂಥ ಮಳೆ. ಎಸಿಯೂ ಓಡ್ತಾ ಇತ್ತು. ಎರಡು ಪರೀಕ್ಷೆಯೂ ಒಟ್ಟಿಗೆ. ಅಮ್ಮ ಅಷ್ಟು ಹೊತ್ತಿಗೆ ನಿದ್ದೆ ಹೋಗಿದ್ದಳು, ನನ್ನ ಕಿವಿ ಮಾತ್ರ ಅವಳ ಕೆಮ್ಮಿಗೇ ಕಾಯ್ತಿತ್ತು. ಶಿವಮೊಗ್ಗದಲ್ಲಿ ಕಾಫಿಗೆ ನಿಲ್ಲಿಸಿದಾಗ ಮ್ಯಾಟ್ ಎತ್ತಿ ಪೇಪರ್ ಎಳೆದೆ. ಗೇರಿನ ಕಡೆಯದೂ ಗರಿಗರಿ, ಬಾಗಿಲ ಕಡೆಯದೂ ಗರಿಗರಿ.

ಅಮ್ಮ ಎದ್ದು ಕನ್ನಡಕ ಹಾಕಿಕೊಂಡು, "ಕೊಡು ಇಲ್ಲಿ, ಪದಬಂಧ ಹಾಗೇ ಉಂಟಲ್ಲ" ಅಂತ ಪೇಪರ್ ಇಸಿದುಕೊಂಡು ಬ್ಯಾಗಿನಿಂದ ಪೆನ್ನು ತೆಗೆದಳು. ಶಾಯಿ ಎಲ್ಲೂ ಹರಡಲಿಲ್ಲ. ತೀರ್ಥಹಳ್ಳಿ ತಲುಪೋ ಹೊತ್ತಿಗೆ ಎರಡೇ ಮನೆ ಖಾಲಿ ಇದ್ದವು.